ಆವಿ

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದೊಡನೆ ಮುಖಕ್ಕೆ ಬಡಿಯುವುದು ಆವಿ; ಹಲವರ ಬಾಯಲ್ಲಿ ಹಬೆ. ಇದು ಅಚ್ಚ ದ್ರಾವಿಡ ಪದ. ತಮಿಳು, ಮಲಯಾಳಂಗಳಲ್ಲೂ ಆವಿಯೇ, ತೆಲುಗಿನಲ್ಲಿ ಆವಿರಿ. ತಮಿಳರಿಗೆ ಉಸಿರೂ ಆವಿ, ಪ್ರಾಣವೂ ಆವಿ. ನಮ್ಮಲ್ಲಿ ಅದು ಹೆಚ್ಚಾಗಿ ಒಲೆಯ ಬಳಿಯೇ ಉಳಿಯಿತು. ಪಠ್ಯಪುಸ್ತಕಗಳು ತಂದ ‘ಬಾಷ್ಪ’ಕ್ಕೆ ಸಂಸ್ಕೃತದಲ್ಲಿ ಕಣ್ಣೀರೆಂಬ ಅರ್ಥವೂ ಉಂಟು, ಆನಂದಬಾಷ್ಪ ಬಂದದ್ದು ಹಾಗೆ.

‘ಆವಿಯಾಗು’ ಎಂದರೆ ಹೇಳಹೆಸರಿಲ್ಲದೆ ಮಾಯವಾಗುವುದು. ಸಂಬಳ ಹತ್ತನೇ ತಾರೀಕಿಗೇ ಆವಿಯಾಗುತ್ತದಲ್ಲ, ಹಾಗೆ. ಆದರೆ ವಿಷ ಸೇರಿ ಕೆಟ್ಟ ನೆಲವನ್ನು ಆವಿಯಿಂದ ತೊಳೆಯುವವರಿಗೆ ಈ ಅರ್ಥ ಒಗ್ಗದು. ಕ್ಯಾಲಿಫೋರ್ನಿಯಾದ ವೈಸೇಲಿಯಾದಲ್ಲಿ ವಿದ್ಯುತ್ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಕ್ರಿಯೊಸೋಟ್ ಉಣಿಸುವ ಅಂಗಳವಿತ್ತು. ಆ ಕಪ್ಪು ಎಣ್ಣೆ ನೀರಿಗಿಂತ ಭಾರ. ಸೋರಿದ್ದು ಅಂತರ್ಜಲದಲ್ಲಿ ತೇಲದೆ ಇನ್ನೂ ಆಳಕ್ಕೆ ಇಳಿಯಿತು. ಬರೀ ನೀರೆತ್ತಿದರೆ ಅದು ಬರುವುದು ತೀರಾ ನಿಧಾನ. 1997ರಲ್ಲಿ ಕೊಳವೆಬಾವಿಗಳ ಮೂಲಕ ನೆಲದೊಳಕ್ಕೇ ಆವಿ ನುಗ್ಗಿಸಿದರು. ಆವಿ ಮಣ್ಣಿಗೆ ತಾಗಿ ನೀರಾಗುವಾಗ ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಮಂದವಾಗಿದ್ದ ಎಣ್ಣೆ ತೆಳುವಾಗಿ ಹರಿಯುತ್ತದೆ, ಒಂದಿಷ್ಟು ತಾನೂ ಆವಿಯಾಗುತ್ತದೆ. ಎರಡನ್ನೂ ಬೇರೆ ಬಾವಿಗಳಿಂದ ಮೇಲಕ್ಕೆ ಹೀರಬೇಕು. ಹೀರದೆ ಬಿಟ್ಟರೆ ವಿಷ ಬರೀ ಜಾಗ ಬದಲಿಸಿದಂತೆ. ಹೀಗೆ ಕೆಟ್ಟ ನೆಲಗಳನ್ನು ಗುರುತಿಸುವ ಅಮೆರಿಕದ ಸೂಪರ್‌ಫಂಡ್ ಪಟ್ಟಿಯಿಂದ ಆ ಅಂಗಳದ ಹೆಸರು 2009ರಲ್ಲಿ ಹೊರಬಿತ್ತು.