ಬೆಟ್ಟಕ್ಕೆ ಬೆನ್ನು ಹಾಕಿದವರು, ಬೆಟ್ಟ ಹತ್ತಿದವರು

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಲೇಕ್ ಡಿಸ್ಟ್ರಿಕ್ಟಿನ ಬೆಟ್ಟಗಳು ಎತ್ತರಕ್ಕೆ ಹೆಸರಾದವಲ್ಲ. ಎಲ್ಲಕ್ಕಿಂತ ಎತ್ತರದ ಸ್ಕಾಫೆಲ್ ಪೈಕ್ ಕೂಡ 978 ಮೀಟರ್ ಅಷ್ಟೇ. ಆದರೂ ಆ ಬೆಟ್ಟಗಳ ಬಗ್ಗೆ ಸಚಿತ್ರ ಪುಸ್ತಕಗಳು ಎರಡು ಶತಮಾನಕ್ಕೂ ಹೆಚ್ಚು ಕಾಲದಿಂದ ಬರುತ್ತಲೇ ಇವೆ. ಅವನ್ನು ಕಾಲಾನುಕ್ರಮದಲ್ಲಿ ತಿರುವಿ ನೋಡಿದರೆ ಚಿತ್ರಕಾರ ನಿಂತ ಜಾಗ ಬದಲಾಗುತ್ತಾ ಹೋದದ್ದು ಕಾಣುತ್ತದೆ. ಶೈಲಿ, ಬಣ್ಣಗಳ ಬದಲಾವಣೆಗಿಂತ ನನಗೆ ಇದೇ ಮುಖ್ಯವೆನಿಸುತ್ತದೆ.

ಆರಂಭದಲ್ಲಿ ಅವನು ಬೆಟ್ಟಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಇದು ಉತ್ಪ್ರೇಕ್ಷೆಯಲ್ಲ. ಹದಿನೆಂಟನೆಯ ಶತಮಾನದ ರಸಿಕರ ಕೈಯಲ್ಲಿ ‘ಕ್ಲಾಡ್ ಗ್ಲಾಸ್’ ಎಂಬ ಕಪ್ಪು ಛಾಯೆಯ ಉಬ್ಬುಗನ್ನಡಿ ಇರುತ್ತಿತ್ತು. ದೃಶ್ಯಕ್ಕೆ ಬೆನ್ನು ತಿರುಗಿಸಿ, ಕನ್ನಡಿಯೊಳಗೆ ಅದು ಕ್ಲಾಡ್ ಲೊರೇನನ ವರ್ಣಚಿತ್ರದಂತೆ ಮಸುಕಾಗಿ ಮೂಡುವುದನ್ನು ಅವರು ಸವಿಯುತ್ತಿದ್ದರು. 1769ರಲ್ಲಿ ಅಲ್ಲಿಗೆ ಬಂದ ಕವಿ ಥಾಮಸ್ ಗ್ರೇ ಕನ್ನಡಿ ಹಿಡಿದುಕೊಂಡೇ ಕೆಸರುದಾರಿಯಲ್ಲಿ ಅಂಗಾತ ಬಿದ್ದು ಬೆರಳಗಂಟು ಕೆತ್ತಿಸಿಕೊಂಡ. ಆದರೂ ಸೂರ್ಯಾಸ್ತ ನೋಡದೆ ಹೊರಡಲಿಲ್ಲ. 1778ರಲ್ಲಿ ಥಾಮಸ್ ವೆಸ್ಟ್ ಬರೆದ ಮಾರ್ಗದರ್ಶಿ ಎಲ್ಲೆಲ್ಲಿ ನಿಂತು ನೋಡಬೇಕೆಂದು ತಾಣಗಳನ್ನೇ ಗೊತ್ತುಮಾಡಿತು. ಪಾದ್ರಿ ವಿಲಿಯಂ ಗಿಲ್ಪಿನ್ 1786ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದ ಚಿತ್ರಗಳಂತೂ ನಿಜವಾದ ಜಾಗಗಳನ್ನು ತೋರಿಸುವ ಗೋಜಿಗೇ ಹೋಗಲಿಲ್ಲ. ಚಿತ್ರದ ಚೆಲುವಿಗೆ ಬೇಕಾದರೆ ಮರ ನೆಡಬಹುದು, ಗುಡ್ಡ ಸರಿಸಬಹುದು ಎಂಬುದು ಅವನ ಧೋರಣೆ. ಅಂಥ ಚಿತ್ರ ನಂಬಿಕೊಂಡು ಹೊರಟವನು ಊರು ಸೇರುವುದು ಕಷ್ಟ.

ಮುಂದಿನ ಹೆಜ್ಜೆ ಒಬ್ಬ ಮೋಜಣಿದಾರನದು. ಮ್ಯಾಂಚೆಸ್ಟರಿನ ವಿಲಿಯಂ ಗ್ರೀನ್ ಭೂಮಿ ಅಳೆಯುವ ಕೆಲಸ ಬಿಟ್ಟು 1800ರ ಸುಮಾರಿಗೆ ಆ್ಯಂಬಲ್‌ಸೈಡಿನಲ್ಲಿ ನೆಲೆಸಿದ. ಅಳತೆಯ ಕಣ್ಣು ಮಾತ್ರ ಅವನನ್ನು ಬಿಡಲಿಲ್ಲ. ಅವನ ಚಿತ್ರಗಳಲ್ಲಿ ಬಂಡೆ ಬಂಡೆಯಾಗಿಯೇ, ರೈತನ ಮನೆ ಮನೆಯಾಗಿಯೇ ಉಳಿದವು. 1819ರಲ್ಲಿ ಅವನ ಎರಡು ಸಂಪುಟಗಳ ಮಾರ್ಗದರ್ಶಿ ಬಂತು. ನಮಗೆಲ್ಲ ಪಠ್ಯಪುಸ್ತಕದ ಡ್ಯಾಫೋಡಿಲ್ ಹೂಗಳಿಂದ ಪರಿಚಿತನಾದ ವರ್ಡ್ಸ್‌ವರ್ತ್ ಕೂಡ ಇಲ್ಲಿನ ಮಾರ್ಗದರ್ಶಿಯೊಂದರ ಕರ್ತೃ. ಅದು ಮೊದಲು ಕಾಣಿಸಿಕೊಂಡದ್ದು 1810ರಲ್ಲಿ, ಜೋಸೆಫ್ ವಿಲ್ಕಿನ್ಸನ್ ಎಂಬ ಪಾದ್ರಿಯ ಚಿತ್ರಸಂಪುಟಕ್ಕೆ ಹೆಸರಿಲ್ಲದೆ ಬರೆದುಕೊಟ್ಟ ಪಠ್ಯವಾಗಿ. ಆ ಚಿತ್ರಗಳು ಕವಿಗೆ ಒಂದಿಷ್ಟೂ ಹಿಡಿಸಿರಲಿಲ್ಲ. ಪತ್ರವೊಂದರಲ್ಲಿ ಅವನ್ನು ಚೆನ್ನಾಗಿಯೇ ಹಳಿದಿದ್ದಾನೆ. ಅದೇ ಗ್ರೀನ್ ತೀರಿಕೊಂಡಾಗ ಸಮಾಧಿಲೇಖ ಬರೆದುಕೊಟ್ಟ.

ರೈಲು ಬಂತು, ಪ್ರವಾಸಿಗರು ಹೆಚ್ಚಿದರು. ಮೂರು ಬಣ್ಣಗಳ ಅಚ್ಚುವಿಧಾನ ಬಂದಮೇಲೆ ಲಂಡನ್ನಿನ ಎ. ಅಂಡ್ ಸಿ. ಬ್ಲ್ಯಾಕ್ ಪ್ರಕಾಶನ ಜಲವರ್ಣ ಚಿತ್ರಗಳ ಪುಸ್ತಕಮಾಲೆಯನ್ನೇ ತಂದಿತು. ಅದರಲ್ಲಿ 1905ರ ‘ದಿ ಇಂಗ್ಲಿಷ್ ಲೇಕ್ಸ್’ಗೆ ಚಿತ್ರ ಬರೆದವನು ಆಲ್ಫ್ರೆಡ್ ಹೀಟನ್ ಕೂಪರ್. ಪುಟಪುಟವೂ ಕಣ್ಣಿಗೆ ಹಬ್ಬ, ಕಾಲಿಗೆ ಏನೂ ಇಲ್ಲ.

ಕಾಲಿಗೆ ಬೇಕಾದ್ದನ್ನು ಕೊಟ್ಟವನು ಅವನ ಮಗ ವಿಲಿಯಂ ಹೀಟನ್ ಕೂಪರ್ (1903–1995). ಈ ಪರಂಪರೆಯ ನಡುಗಂಬ ಅವನೇ ಎಂಬುದು ನನ್ನ ಅಭಿಪ್ರಾಯ, ಆದರೆ ಆ ಮಾನ್ಯತೆ ಅವನಿಗೆ ಸಾಕಷ್ಟು ಸಿಕ್ಕಿಲ್ಲ. ಅವನು ಸ್ವತಃ ಬಂಡೆ ಏರುವವನು. 1930ರ ದಶಕದಿಂದ ಫೆಲ್ ಅಂಡ್ ರಾಕ್ ಕ್ಲೈಂಬಿಂಗ್ ಕ್ಲಬ್ಬಿನ ಕೈಪಿಡಿಗಳಿಗೆ ಕಡಿದಾದ ಬಂಡೆಮುಖಗಳ ರೇಖಾಚಿತ್ರ ಬರೆದುಕೊಟ್ಟ. ಅಲ್ಲಿ ಒಂದು ಬಿರುಕು ತಪ್ಪಾದರೆ ಹಗ್ಗದಲ್ಲಿ ತೂಗುವವನ ಜೀವಕ್ಕೇ ಕುತ್ತು. ಈ ಶಿಸ್ತು 1938ರ ‘ದಿ ಹಿಲ್ಸ್ ಆಫ್ ಲೇಕ್‌ಲ್ಯಾಂಡ್’ ಪುಸ್ತಕದ ಜಲವರ್ಣಗಳೊಳಗೂ ಇಳಿಯಿತು. ಅಪ್ಪನಂತೆ ಮಗ ಹುಲ್ಲು, ಹೂ, ಗುಡಿಸಲುಗಳನ್ನು ತುಂಬಲಿಲ್ಲ. ನೀಲಿಯ ಅಗಲವಾದ ತೆಳು ಲೇಪಗಳಲ್ಲಿ ಬೆಟ್ಟದ ಎಲುಬನ್ನಷ್ಟೇ ಉಳಿಸಿದ: ಏಣು ಎಲ್ಲಿ ಒಡೆಯುತ್ತದೆ, ಕಣಿವೆ ಎತ್ತ ತಿರುಗುತ್ತದೆ, ನೆರಳಿನ ಹಿಂದೆ ಇನ್ನೊಂದು ಶಿಖರವಿದೆಯೇ. 1960ರಲ್ಲಿ ಬೆಟ್ಟದ ಮೇಲಿನ ಪುಟ್ಟ ಕೊಳಗಳಿಗಾಗಿಯೇ ‘ದಿ ಟಾರ್ನ್ಸ್ ಆಫ್ ಲೇಕ್‌ಲ್ಯಾಂಡ್’ ತಂದ.

ಅಷ್ಟರಲ್ಲಿ ಜನಪ್ರಿಯತೆಯನ್ನೆಲ್ಲ ಒಬ್ಬ ಲೆಕ್ಕಿಗ ಬಾಚಿಕೊಂಡಾಗಿತ್ತು. ಕೆಂಡಲ್ ಪುರಸಭೆಯ ಖಜಾಂಚಿ ಆಲ್ಫ್ರೆಡ್ ವೇನ್‌ರೈಟ್ 1952ರಲ್ಲಿ ಕೆಲಸ ಶುರುಮಾಡಿ, 1955ರಿಂದ 1966ರ ನಡುವೆ ಏಳು ಸಂಪುಟಗಳಲ್ಲಿ 214 ಬೆಟ್ಟಗಳನ್ನು ಮುಗಿಸಿದ. ಕಾರಿರಲಿಲ್ಲ, ರಜಾದಿನ ಬಸ್ಸಿನಲ್ಲಿ ಹೋಗಿ ಹತ್ತುವುದು, ರಾತ್ರಿ ಮನೆಯಲ್ಲಿ ಬರೆಯುವುದು. ಚಿತ್ರ, ನಕ್ಷೆ, ಬರಹ ಎಲ್ಲವೂ ಕೈಯಲ್ಲೇ. ಪುಟಗಳಲ್ಲಿ ಅಚ್ಚಿನ ಮೊಳೆಗೆ ಜಾಗವೇ ಇಲ್ಲ. ಸಾಲುಗಳ ಬಲಬದಿ ನೇರ ಬಂದಿಲ್ಲವೆಂದು ಸುಮಾರು ನೂರು ಪುಟಗಳನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಹಿಡಿದ. ಅವನ ಆರೋಹಣದ ಪುಟವೊಂದನ್ನು ಬಿಚ್ಚಿ ನೋಡಬೇಕು. ಕೆಳಗೆ ಹಳ್ಳಿ, ಸೇತುವೆ, ಕಲ್ಲುಗೋಡೆ. ಗಟ್ಟಿ ಗೋಡೆಗೆ ಒಂದು ಗೆರೆ, ಕುಸಿದದ್ದಕ್ಕೆ ಇನ್ನೊಂದು. ಅಲ್ಲಿ ಅದು ನಕ್ಷೆ. ಕಣ್ಣು ಮೇಲೇರಿದಂತೆ ನಕ್ಷೆಯೇ ಯಾವ ಮಾಯದಲ್ಲೋ ಎದ್ದುನಿಂತು ಬೆಟ್ಟವಾಗುತ್ತದೆ. ವರ್ಣಚಿತ್ರಕಾರನ ಬೆಳಕು ಇಲ್ಲಿಲ್ಲ, ನಿಜ. ಅವನ ಕಪ್ಪುಶಾಯಿ ಕೆಲವೆಡೆ ಒಣಗಿದಂತೆಯೂ ಕಾಣುತ್ತದೆ. ಆದರೆ ಮಂಜು ಕವಿದಾಗ ಜೇಬಿನಿಂದ ಹೊರತೆಗೆಯಬಹುದಾದ ಚಿತ್ರ ಇದು.

ಇಷ್ಟು ನಿಖರವಾದುದಕ್ಕೆ ಬೇಗ ಹಳತಾಗುವ ಶಾಪವೂ ಉಂಟು. ಗೋಡೆ ಬೀಳುತ್ತದೆ, ಕಾಲುದಾರಿ ಸವೆದು ಪಕ್ಕಕ್ಕೆ ಸರಿಯುತ್ತದೆ. ವೇನ್‌ರೈಟ್ ತೀರಿಕೊಂಡ ನಂತರ ಕ್ರಿಸ್ ಜೆಸ್ಟಿ ಎಲ್ಲ ಬೆಟ್ಟಗಳನ್ನೂ ಮತ್ತೆ ನಡೆದು 2005ರಿಂದ 2009ರವರೆಗೆ ಪರಿಷ್ಕೃತ ಆವೃತ್ತಿ ಹೊರತಂದರು. ದಾರಿಗಳಿಗೆ ಕೆಂಪು ಬಂತು. ಆಮೇಲೆ ಕ್ಲೈವ್ ಹಚ್‌ಬಿ ಮೂರನೆಯ ಆವೃತ್ತಿಗೆ ಕೈಹಾಕಿದರು. ಇತ್ತ ವಿಲಿಯಂ ಹೀಟನ್ ಕೂಪರನ ಜಲವರ್ಣಗಳನ್ನು ಪರಿಷ್ಕರಿಸುವ ಪ್ರಶ್ನೆಯೇ ಎದ್ದಿಲ್ಲ.