ಸ್ಕೌಟ್ ದಳಕ್ಕೆ ಪೋಷಕರಾಗುವುದೆಂದರೆ



ಕೊರಳಿಗೆ ಸ್ಕಾರ್ಫ್ ಕಟ್ಟಿ, ಮೂರು ಬೆರಳೆತ್ತಿ ವಂದಿಸುವ ಸ್ಕೌಟ್ ಬಾಲಕರನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸ್ವಾತಂತ್ರ್ಯೋತ್ಸವದ ಮೆರವಣಿಗೆಗಳಲ್ಲಿ ತಾವೆಲ್ಲ ಕಂಡಿರುತ್ತೀರಿ. ಆ ದಳ ಶಾಲೆಯದು, ಶಾಲೆ ಇಲಾಖೆಯ ಲೆಕ್ಕಕ್ಕೆ ಸೇರಿದ್ದು, ಧರ್ಮಕೇಂದ್ರಕ್ಕೂ ಅದಕ್ಕೂ ಏನು ಸಂಬಂಧ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಸ್ಕೌಟ್ ಚಳವಳಿಯ ಬೇರುಗಳನ್ನು ಅಗೆಯುತ್ತ ಹೋದರೆ ನಾವು ತಲುಪುವುದು ಒಂದು ಭಾನುವಾರದ ಜ್ಞಾನೋಪದೇಶ ತರಗತಿಗೆ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಎಂಬ ಉಪಾಧ್ಯಾಯನಿದ್ದ. ಚಿಕ್ಕ ಮಕ್ಕಳು ಅವನ ಭಾನುವಾರದ ಶಾಲೆಗೆ ಸಂತೋಷದಿಂದ ಬರುತ್ತಿದ್ದರು. ಹನ್ನೆರಡು, ಹದಿಮೂರು ತುಂಬಿದ ಹುಡುಗರು ಮಾತ್ರ ಒಂದೋ ಗದ್ದಲವೆಬ್ಬಿಸುತ್ತಿದ್ದರು, ಇಲ್ಲವೇ ಬರುವುದನ್ನೇ ನಿಲ್ಲಿಸುತ್ತಿದ್ದರು. ಅವನು 1883ರ ಅಕ್ಟೋಬರ್ 4ರಂದು ಆ ಹುಡುಗರನ್ನೇ ಕೂಡಿಸಿ ಕವಾಯತು, ಆಟ, ಪ್ರಾರ್ಥನೆ ಮೂರನ್ನೂ ಬೆಸೆದ 'ಬಾಯ್ಸ್ ಬ್ರಿಗೇಡ್' ಎಂಬ ಸಂಘವನ್ನು ಆರಂಭಿಸಿದ. ಅದರ ಪ್ರತಿಯೊಂದು ತುಕಡಿಯೂ ಯಾವುದಾದರೊಂದು ಸಭೆಯ ಆಶ್ರಯದಲ್ಲಿರಬೇಕೆಂಬುದು ಅಲ್ಲಿನ ನಿಯಮ. ದೃಢೀಕರಣ ಸಂಸ್ಕಾರ ಮುಗಿದೊಡನೆ ನಮ್ಮ ಹುಡುಗರು ಎಲ್ಲಿಗೆ ಹೋಗುತ್ತಾರೆಂದು ನಿಟ್ಟುಸಿರಿಡುವ ಗುರುಗಳಿಗೆ ಸ್ಮಿತ್‌ನ ಚಿಂತೆ ಅಪರಿಚಿತವೆನಿಸದು.

ಈ ಬ್ರಿಗೇಡಿನ ಬಾಲಕರನ್ನು 1904ರಲ್ಲಿ ಗ್ಲಾಸ್ಗೋದಲ್ಲಿ ಕಂಡು ಮೆಚ್ಚಿದವನು ಸೇನಾಧಿಕಾರಿ ರಾಬರ್ಟ್ ಬೇಡನ್ ಪೊವೆಲ್. ಅವನ ತಂದೆ ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕರಾಗಿದ್ದವರು, ಆಂಗ್ಲಿಕನ್ ಸಭೆಯ ಗುರುಗಳೂ ಆಗಿದ್ದವರು. ಸೈನಿಕರಿಗಾಗಿ ಬರೆದ ಕೈಪಿಡಿಯನ್ನು ಹುಡುಗರಿಗೆ ಒಪ್ಪುವಂತೆ ತಿದ್ದಿ ಬರೆಯೆಂದು ಅವನನ್ನು ಒತ್ತಾಯಿಸಿದವರಲ್ಲಿ ಸ್ಮಿತ್ ಒಬ್ಬ. 1907ರ ಆಗಸ್ಟ್ ತಿಂಗಳಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ನಡೆದ ಪ್ರಥಮ ಪ್ರಾಯೋಗಿಕ ಶಿಬಿರಕ್ಕೆ ಸಿರಿವಂತರ ಶಾಲೆಗಳ ಹುಡುಗರ ಜೊತೆಗೆ ಪೂಲ್, ಬೋರ್ನ್‌ಮತ್ ಊರುಗಳ ಬ್ರಿಗೇಡ್ ಬಾಲಕರನ್ನೂ ಕರೆತರಲಾಗಿತ್ತು. ಧನಿಕನ ಮಗನೂ ಕಾರ್ಮಿಕನ ಮಗನೂ ಒಂದೇ ಡೇರೆಯಲ್ಲಿ ಮಲಗಿದ ಆ ವಾರದಲ್ಲಿ ಸಭೆಯ ಹುಡುಗರು ಮೊದಲಿನಿಂದಲೂ ಜೊತೆಗಿದ್ದರು.

ಕಥೋಲಿಕ ಧರ್ಮಸಭೆ ಈ ಚಳವಳಿಯನ್ನು ತಕ್ಷಣ ಅಪ್ಪಿಕೊಳ್ಳಲಿಲ್ಲ. ಫ್ರಾನ್ಸಿನಲ್ಲಂತೂ ಅನುಮಾನಗಳು ಬಹಳವಿದ್ದವು. ಆ ಅನುಮಾನಗಳನ್ನು ತಾಳ್ಮೆಯಿಂದ ಕರಗಿಸಿದವರು ಯೇಸು ಸಭೆಯ ಗುರು ಜಾಕ್ ಸೆವೆನ್. 1913ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ಬೇಡನ್ ಪೊವೆಲ್‌ನನ್ನು ಕಂಡರು. 1920ರಲ್ಲಿ ಫ್ರಾನ್ಸಿನ ಕಥೋಲಿಕ ಸ್ಕೌಟ್ ಸಂಘವನ್ನು ಸ್ಥಾಪಿಸಿದವರಲ್ಲಿ ಅವರು ಪ್ರಮುಖರು. 2012ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು.

ಇನ್ನು ನಮ್ಮ ನಾಡಿನತ್ತ ಬರೋಣ. ಭಾರತದ ಮೊಟ್ಟಮೊದಲ ಸ್ಕೌಟ್ ದಳ ಹುಟ್ಟಿದ್ದು ಕನ್ನಡದ ನೆಲದಲ್ಲೇ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನಲ್ಲಿ ಅದನ್ನು ಕಟ್ಟಿದನು. ಆಂಗ್ಲಿಕನ್ ಸಭೆಯ ಬಿಷಪ್ ಕಾಟನ್ ಶಾಲೆಯ ಹೆಸರು ಆ ದಳದೊಂದಿಗೆ ಇಂದಿಗೂ ಬೆಸೆದುಕೊಂಡಿದೆ. ಕ್ರೈಸ್ತರಾದ ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆದರೆ ಚರಿತ್ರೆಯ ಮುಂದಿನ ಸಾಲನ್ನೂ ಓದಬೇಕಾಗುತ್ತದೆ. ಆರಂಭದ ಆ ದಳಗಳ ಬಾಗಿಲು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಬಾಲಕರಿಗೆ ಮಾತ್ರ ತೆರೆದಿತ್ತು. ಭಾರತೀಯ ಹುಡುಗನಿಗೆ, ಅವನು ದೀಕ್ಷಾಸ್ನಾನ ಪಡೆದವನಾಗಿದ್ದರೂ, ಅಲ್ಲಿ ಸ್ಥಳವಿರಲಿಲ್ಲ. ದೇಶೀಯರಿಗೆ ಈ ತರಬೇತಿ ಕೊಟ್ಟರೆ ಅವರು ಕ್ರಾಂತಿಕಾರಿಗಳಾದಾರೆಂಬ ಭಯ ಸರ್ಕಾರದ್ದು. ಎಲ್ಲ ಸ್ಕೌಟುಗಳೂ ಸಹೋದರರೆಂದು ಸಾರುವ ನಿಯಮವನ್ನು ಬಾಯಿಪಾಠ ಮಾಡಿಸುತ್ತ, ಗೇಟಿನ ಹೊರಗೆ ನಿಂತ ಬಾಲಕನನ್ನು ಸಹೋದರನೆಂದು ಗುರುತಿಸದ ಆ ಕಾಲ ನಮ್ಮ ಆತ್ಮಪರಿಶೋಧನೆಗೂ ವಿಷಯವಾಗಬೇಕು.

ಬಾಗಿಲನ್ನು ತೆರೆದವರು ಬೇರೆಯವರು. ಮದ್ರಾಸಿನಲ್ಲಿ ಆನಿ ಬೆಸೆಂಟ್, ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮುಂತಾದವರು ಭಾರತೀಯ ಬಾಲಕರಿಗಾಗಿಯೇ ಸಂಘಗಳನ್ನು ಕಟ್ಟಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದ ಮೇಲೆ ಕೆಲವು ಸಂಘಗಳು ಒಂದಾದವು, ಕೆಲವು ಹೊರಗುಳಿದವು. ನಮ್ಮ ಭಾಗದಲ್ಲಿ ತರುಣರ ಮನಸ್ಸನ್ನು ಸೆಳೆದದ್ದು ಇನ್ನೊಂದು ಸಮವಸ್ತ್ರ. ಡಾ. ನಾ. ಸು. ಹರ್ಡೀಕರರ ಹಿಂದುಸ್ತಾನಿ ಸೇವಾದಳದ ಸ್ವಯಂಸೇವಕರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ದುಡಿದ ರೀತಿಯನ್ನು ಈ ಸೀಮೆ ಬಹುಕಾಲ ನೆನೆಯಿತು. ಕೊನೆಗೆ 1950ರ ನವೆಂಬರ್ 7ರಂದು ಪ್ರತ್ಯೇಕ ಸಂಘಗಳು ವಿಲೀನಗೊಂಡು 'ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್' ಅಸ್ತಿತ್ವಕ್ಕೆ ಬಂದಿತು. ಮರುವರ್ಷ ಗೈಡುಗಳೂ ಸೇರಿದರು.

ನಮ್ಮ ಐದು ತಾಲೂಕುಗಳಲ್ಲಿ ದಳ ಮತ್ತು ದೇವಾಲಯಗಳ ಸಂಬಂಧ ಗಟ್ಟಿಗೊಳ್ಳದಿರಲು ಕಾರಣವೇನು? ನನ್ನ ಎಣಿಕೆಯಲ್ಲಿ ಗಡಿಗಳೇ ಮುಖ್ಯ ಕಾರಣ. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರಾಯಬಾಗ 1949ರವರೆಗೂ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. ನಿಪ್ಪಾಣಿ, ಕಾಗವಾಡಗಳು ಪ್ರತ್ಯೇಕ ತಾಲೂಕುಗಳಾದದ್ದು ಇತ್ತೀಚೆಗೆ. ಸಭೆಗಳ ಗಡಿಗಳೂ ಹೀಗೆಯೇ ಹರಿದು ಹಂಚಿದ್ದವು. ಬೆಳಗಾವಿಯಲ್ಲಿ 1820ರಿಂದ ದುಡಿದ ಲಂಡನ್ ಮಿಷನ್ 1904ರಲ್ಲಿ ತನ್ನ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿತು. ಕೊಲ್ಹಾಪುರ, ಮಿರಜಗಳಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ನರಿದ್ದರು. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಕಥೋಲಿಕ ಧರ್ಮಕ್ಷೇತ್ರವನ್ನು ಗೋವೆ ಮತ್ತು ಪುಣೆಯ ಭಾಗಗಳಿಂದ ಬಿಡಿಸಿ ರೂಪಿಸಲಾಯಿತು. ಇಷ್ಟು ಕೈಗಳು ಬದಲಾದ ನೆಲದಲ್ಲಿ ಬದಲಾಗದೆ ಉಳಿದ ಆಸರೆ ಸರ್ಕಾರಿ ಮತ್ತು ಅನುದಾನಿತ ಶಾಲೆ. ದಳ ಅಲ್ಲಿಯೇ ನೆಲೆಸಿತು. ತರಬೇತಿ ಪಡೆದ ಒಬ್ಬ ಶಿಕ್ಷಕರ ಉತ್ಸಾಹವೇ ಅದರ ಉಸಿರು. ಅವರಿಗೆ ವರ್ಗವಾದರೆ, ನಿವೃತ್ತಿಯಾದರೆ, ಸ್ಕಾರ್ಫುಗಳು ಕಪಾಟು ಸೇರುತ್ತವೆ.

ಸ್ಕೌಟ್ ವ್ಯವಸ್ಥೆಯಲ್ಲಿ ಶಾಲೆಯ ಹೊರಗೆ ನಡೆಯುವ ಮುಕ್ತ ದಳಗಳಿಗೂ, ಸಂಸ್ಥೆಯೊಂದು ಪೋಷಿಸುವ ದಳಗಳಿಗೂ ಅವಕಾಶವಿದೆ. ಅಂದಮೇಲೆ ಧರ್ಮಕೇಂದ್ರವೇ ಏಕೆ ಪೋಷಕವಾಗಬಾರದು? ಆದರೆ ಆತುರ ಬೇಡ. 'ಪ್ರಾಯೋಜಕ' ಎಂಬ ಶಬ್ದವನ್ನು ದೂರದರ್ಶನದ ಜಾಹೀರಾತುಗಳು ಕೆಡಿಸಿಬಿಟ್ಟಿವೆ. ಹಣ ಕೊಟ್ಟು ಹೆಸರು ಹಾಕಿಸಿಕೊಳ್ಳುವವನು ಎಂಬಷ್ಟಕ್ಕೆ ಅದರ ಅರ್ಥ ಕುಗ್ಗಿದೆ. ಇಂಗ್ಲಿಷಿನ ಮೂಲ ಶಬ್ದವನ್ನು ಧರ್ಮಸಭೆ ಬಹಳ ಹಿಂದಿನಿಂದಲೂ ಬಳಸುತ್ತ ಬಂದಿರುವುದು ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವ ಜ್ಞಾನತಂದೆ, ಜ್ಞಾನತಾಯಿಯರಿಗೆ. ಈ ಅರ್ಥಭೇದ ಸಣ್ಣದಲ್ಲ.

ಅದು ಎಷ್ಟು ದೊಡ್ಡದೆಂಬುದನ್ನು ಅಮೆರಿಕದ ಸಭೆಗಳು ಕಣ್ಣೀರಿನೊಡನೆ ಕಲಿತವು. ಅಲ್ಲಿ ಒಂದು ಶತಮಾನ ಕಾಲ ಸ್ಕೌಟ್ ದಳಗಳ ಬಹುದೊಡ್ಡ ಪೋಷಕರು ಸಭೆಗಳೇ. ಅನೇಕ ಕಡೆ ಪೋಷಣೆಯೆಂದರೆ ನೆಲಮಾಳಿಗೆಯ ಕೋಣೆ ಬಿಟ್ಟುಕೊಡುವುದು, ವರ್ಷಕ್ಕೊಮ್ಮೆ ಕಾಗದಕ್ಕೆ ರುಜು ಹಾಕುವುದು ಎಂದಾಗಿತ್ತು. ಹುಡುಗರನ್ನು ಕರೆದೊಯ್ಯುವ ನಾಯಕ ಯಾರು, ಶಿಬಿರದಲ್ಲಿ ರಾತ್ರಿ ಅವರೊಂದಿಗೆ ಯಾರಿದ್ದಾರೆ ಎಂದು ಕೇಳುವವರಿರಲಿಲ್ಲ. 2020ರ ಫೆಬ್ರವರಿಯಲ್ಲಿ ಅಮೆರಿಕದ ಸ್ಕೌಟ್ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿದಾಗ, ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದೆವೆಂದು ಮುಂದೆ ಬಂದವರ ಸಂಖ್ಯೆ 82,000ವನ್ನು ಮೀರಿತು. ರುಜು ಹಾಕಿದ್ದ ಸಭೆಗಳೂ ಹೊಣೆಗಾರಿಕೆಯ ಪ್ರಶ್ನೆಯನ್ನು ಎದುರಿಸಬೇಕಾಯಿತು. 1913ರಿಂದ ಪೋಷಕವಾಗಿದ್ದ ಮಾರ್ಮನ್ ಸಭೆ, ಬೇರೆ ಕಾರಣಗಳನ್ನು ನೀಡಿ, 2019ರ ಕೊನೆಗೆ ಆ ಸಂಬಂಧವನ್ನೇ ಕಡಿದುಕೊಂಡಿತ್ತು. ನಮ್ಮಲ್ಲಿ 2012ರ ಪೋಕ್ಸೊ ಕಾಯಿದೆಯಿದೆ. ಕಾಯಿದೆ ಅಪರಾಧಿಯನ್ನು ಶಿಕ್ಷಿಸೀತು. ಶಿಬಿರಕ್ಕೆ ಹೊರಟ ಮಗುವಿನ ಹೆಸರು, ಅವನ ಮನೆ, ಅವನ ಅಂಜಿಕೆ ಪೋಷಕರಿಗೆ ಗೊತ್ತಿರಬೇಕೆಂಬುದನ್ನು ಯಾವ ಕಾಯಿದೆಯೂ ಕಲಿಸಲಾರದು.

ಎರಡನೆಯ ಪ್ರಶ್ನೆ ನಮ್ಮ ನೆಲದ್ದು. ಈ ತಾಲೂಕುಗಳಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಒಂದು ಧರ್ಮಕೇಂದ್ರದ ಹುಡುಗರಷ್ಟೇ ಸೇರಿದರೆ ದಳ ತುಂಬದು, ತುಂಬಬೇಕಾಗಿಯೂ ಇಲ್ಲ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಿಯ ಮಗ, ಉಗಾರದ ಕಬ್ಬಿನ ಗಾಡಿಯವನ ಮಗ, ಕನ್ನಡ ಮಾತಾಡುವವನು, ಮರಾಠಿ ಮಾತಾಡುವವನು, ಉರ್ದು ಶಾಲೆಯವನು, ಎಲ್ಲರಿಗೂ ಅಲ್ಲಿ ಸ್ಥಳವಿರಬೇಕು. ಸ್ಕೌಟ್ ಪ್ರತಿಜ್ಞೆಯ ಮೊದಲ ಕರ್ತವ್ಯ ದೇವರಿಗೆ ಸಲ್ಲುವಂಥದು. ಬೇಕಾದವರು ಆ ಜಾಗದಲ್ಲಿ ಧರ್ಮ ಎಂಬ ಪದವನ್ನು ಬಳಸಲು ಭಾರತದ ನಿಯಮ ಅವಕಾಶ ಕೊಡುತ್ತದೆ. ದೇವಾಲಯದ ಅಂಗಳದಲ್ಲಿ ಸೇರುವ ಜೈನ, ಲಿಂಗಾಯತ, ಮುಸಲ್ಮಾನ ಬಾಲಕ ತನ್ನ ಮನೆಯ ಶ್ರದ್ಧೆಯಲ್ಲಿ ಇನ್ನಷ್ಟು ಪ್ರಾಮಾಣಿಕನಾಗಿ ಹಿಂದಿರುಗಿದರೆ ಪೋಷಕರ ಕೆಲಸ ಸರಿಯಾಗಿದೆಯೆಂದು ತಿಳಿಯಬೇಕು. ಅವನ ತಂದೆಯ ಮನಸ್ಸಿನಲ್ಲಿ ಒಂದು ಸಂಶಯ ಹುಟ್ಟಿದರೂ ದಳ ಉಳಿಯದು. ಅನ್ಯಧರ್ಮಗಳ ಕುರಿತು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಘೋಷಣೆಯನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಕ್ರೈಸ್ತ ಬಾಲಕರ ಪ್ರಾರ್ಥನೆ, ಬಲಿಪೂಜೆ ಅವರಿಗೆ ಇರಲಿ. ಭಾನುವಾರದ ಪೂಜೆಯ ವೇಳೆಗೆ ಚಾರಣ ಇಟ್ಟುಕೊಳ್ಳದಿರುವುದು ದಳದ ನಾಯಕರು ಪಾಲಿಸಬೇಕಾದ ಸೌಜನ್ಯ.

ಇಂಥ ದಳದಿಂದ ಊರಿಗೇನು ಪ್ರಯೋಜನವೆಂದು ಕೇಳುವವರು ಕೃಷ್ಣೆಯ ದಂಡೆಯನ್ನು ನೋಡಲಿ. ವೇದಗಂಗೆ ದೂಧಗಂಗೆಯನ್ನು ಸೇರುತ್ತಾಳೆ, ಚಿಕ್ಕೋಡಿ ತಾಲೂಕಿನ ಕಲ್ಲೋಳದ ಬಳಿ ದೂಧಗಂಗೆ ಕೃಷ್ಣೆಯನ್ನು ಸೇರುತ್ತಾಳೆ. 2005, 2019, 2021ರಲ್ಲಿ ಈ ನದಿಗಳು ಉಕ್ಕಿದಾಗ ಕಾಗವಾಡ, ಅಥಣಿ, ರಾಯಬಾಗದ ದಂಡೆಯ ಊರುಗಳ ಸಂಸಾರಗಳು ದನಕರುಗಳೊಡನೆ ಎತ್ತರದ ನೆಲಕ್ಕೆ ಬಂದವು, ಶಾಲೆಗಳೇ ಆಸರೆಯಾದವು. ಗಂಟು ಹಾಕಲು, ಪ್ರಥಮ ಚಿಕಿತ್ಸೆ ನೀಡಲು, ಎರಡು ಕೋಲು ಮತ್ತು ಕಂಬಳಿಯಿಂದ ಡೋಲಿ ಕಟ್ಟಲು ಬಲ್ಲ ಮೂವತ್ತು ತರುಣರು ಒಂದು ಊರಿನಲ್ಲಿದ್ದರೆ, ಹುಡುಗರನ್ನು ನೀರಿಗಿಳಿಸದೆಯೇ ಅಂಥ ದಿನಗಳಲ್ಲಿ ಅವರಿಂದ ಮಾಡಿಸಬಹುದಾದ ಕೆಲಸ ಬಹಳವಿದೆ: ಗಂಜಿಯ ಸಾಲು ನಡೆಸುವುದು, ವೃದ್ಧರ ಔಷಧಿಯ ಪಟ್ಟಿ ಮಾಡುವುದು, ತಾಯಿಯಿಂದ ಅಗಲಿದ ಮಗುವನ್ನು ಗುರುತಿಸುವುದು.

ಆದುದರಿಂದ ತಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದೆ ಈ ವಿಷಯ ಬಂದಾಗ, ಕೋಣೆ ಯಾವುದು, ಖರ್ಚೆಷ್ಟು ಎಂಬುದಕ್ಕಿಂತ ಮೊದಲು ದಳದ ಜ್ಞಾನತಂದೆ, ಜ್ಞಾನತಾಯಿಯರಾಗುವವರು ಯಾರೆಂದು ಕೇಳಿರಿ. ಕನಿಷ್ಠ ಇಬ್ಬರು ಬೇಕು. ಗುರುಗಳಿಗೆ ವರ್ಗವಾದರೂ ಊರಲ್ಲೇ ಉಳಿಯುವವರು, ವಾರದ ಕೂಟಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂರುವವರು, ಬಾರದ ಹುಡುಗನ ಮನೆಗೆ ಅಂದು ಸಂಜೆಯೇ ಹೋಗಿ ವಿಚಾರಿಸುವವರು. ಅವರ ಹೆಸರುಗಳು ಮೊದಲು ನಿಶ್ಚಯವಾಗಲಿ. ನೋಂದಣಿಯ ಅರ್ಜಿಗೆ ರುಜು ಆಮೇಲೆ ಬೀಳಲಿ.