ಹೆಸರಿನ ಜಾಗದಲ್ಲಿ ಬಂದ ಅಪ್ಪಣೆ

ಕಚೇರಿಯೊಂದರ ಅಚ್ಚು ಫಾರಮಿನಲ್ಲಿ ಹೆಸರಿಗೆಂದು ಜಾಗ ಬಿಟ್ಟು, ಮುಂದೆ ‘ಲೆಕ್ಕವನ್ನು ತೋರಿಸಿ’ ಎಂದಿದೆ. ಒಬ್ಬಾತ ಅಲ್ಲಿ ‘ರಾಮಯ್ಯನ ಹಾಗೂ ಉಳಿದೆಲ್ಲರ’ ಎಂದು ತುಂಬಿದನೆನ್ನಿ. ಗುಮಾಸ್ತನು ಒಂದೇ ಉಸಿರಿಗೆ ಓದಿ ಖಾತೆಪುಸ್ತಕವನ್ನೇ ಮುಂದಿಟ್ಟರೆ ತಪ್ಪು ಯಾರದು? ‘ಎಸ್‌ಕ್ಯೂಎಲ್ ಇಂಜೆಕ್ಷನ್’ ಎಂಬ ಗಣಕಯಂತ್ರದ ಕಳವಿನ ಗುಟ್ಟು ಇಷ್ಟೇ.

ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ಕ್ರಮವನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಪ್ರತಿಪಾದಿಸಿದರು. ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯನ್ನು 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಪ್ರಕಟಿಸಿದರು. ಅದೇ ಮುಂದೆ ಎಸ್‌ಕ್ಯೂಎಲ್ ಆಯಿತು. ಅಂತರಜಾಲ ಬಂದ ಮೇಲೆ ಅಪರಿಚಿತರ ಮಾತೂ ಆ ಭಾಷೆಯ ವಾಕ್ಯದೊಳಗೆ ಸೇರತೊಡಗಿತು. ಇದರ ಅಪಾಯವನ್ನು ಜೆಫ್ ಫಾರಿಸ್ಟಾಲ್ ಎಂಬವರು 1998ರ ಡಿಸೆಂಬರಿನಲ್ಲಿ ‘ಫ್ರ್ಯಾಕ್’ ಪತ್ರಿಕೆಯಲ್ಲಿ ಗುಪ್ತನಾಮದಿಂದ ಬರೆದು ತೋರಿಸಿದರು.

ಎಚ್ಚರಿಕೆ ಕೇಳಿದವರೆಷ್ಟು ಮಂದಿ? 2015ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಟಾಕ್‌ಟಾಕ್ ದೂರವಾಣಿ ಕಂಪನಿಯಿಂದ 1,56,959 ಗ್ರಾಹಕರ ವಿವರ ಕಳವಾಯಿತು. ಮತ್ತೊಂದು ಕಂಪನಿಯನ್ನು ಕೊಂಡಾಗ ಜೊತೆಗೆ ಬಂದಿದ್ದ ಹಳೆಯ ಪುಟಗಳೇ ಕಳ್ಳಗಂಡಿ. ಅದೇ ಜುಲೈನಲ್ಲಿಯೂ ಅದೇ ದಾರಿಯಿಂದ ಕಳ್ಳರು ನುಗ್ಗಿದ್ದರು! ಮರುವರ್ಷ ಕಂಪನಿಗೆ 4,00,000 ಪೌಂಡು ದಂಡ ಬಿದ್ದಿತು.

ಮದ್ದು ಹೊಸತಲ್ಲ. ಅಪ್ಪಣೆಯ ವಾಕ್ಯವನ್ನು ಮೊದಲೇ ಸಿದ್ಧಗೊಳಿಸಿ, ತುಂಬಿದ ಹೆಸರನ್ನು ಬೇರೆಯಾಗಿಯೇ ಕಳುಹಿಸಬೇಕು. ಆಗ ಯಂತ್ರವು ‘ರಾಮಯ್ಯನ ಹಾಗೂ ಉಳಿದೆಲ್ಲರ’ ಎಂಬ ವಿಚಿತ್ರ ಹೆಸರಿನವನನ್ನು ಹುಡುಕಿ, ಅಂಥವನಿಲ್ಲವೆಂದು ಸುಮ್ಮನಾಗುತ್ತದೆ. ಜೊತೆಗೆ, ಗುಮಾಸ್ತನ ಕೈಗೆ ಅವನ ಕೆಲಸಕ್ಕೆ ಬೇಕಾದಷ್ಟೇ ಬೀಗದಕೈ ಕೊಡಬೇಕು.

ವಾಚಕರೆ, ಬಾಗಿಲು ಅವರದಾದರೂ ಒಳಗಿರುವ ಲೆಕ್ಕ ನಮ್ಮದು. ಬೀಗ ಭದ್ರವೇ ಎಂದು ಕೇಳುವ ಹಕ್ಕೂ ನಮ್ಮದೇ.